ಠಾಣೆ ಚೆನ್ನಾಗಿದೆ ಅಂತ ಯಾವ ಲೆಕ್ಕದಲ್ಲಿ ಹೇಳುವುದು? ಒಳ್ಳೆ ಅಧಿಕಾರಿ ತಯಾರಾಗುವುದು ಎಲ್ಲಿ?

ಬಾಣೆಮನೆ

ಮುಂದಿನ ತಿಂಗಳು ಕೊಡಗಿನ ನಮ್ಮ ಪೊಲೀಸ್ ಠಾಣೆಯಲ್ಲಿ ಜನಸಂಪರ್ಕ ಸಭೆ ಇದೆ. ಬೆಳೆಗಾರರ ಕಡೆಯಿಂದ ಒಂದು ಪತ್ರ ಬರೆದುಕೊಡಿ ಅಂತ ನನಗೆ ಹೇಳಿದ್ದಾರೆ. ಠಾಣೆ ಚೆನ್ನಾಗಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ಏನು ನೋಡಿ ಹೇಳುವುದು? ಪತ್ರ ಅಲ್ಲೇ ನಿಂತಿದೆ.

ಕೇಸು ಕಮ್ಮಿಯಾದರೆ ಒಳ್ಳೆಯದು ಅಂತ ಪತ್ರಿಕೆಯಲ್ಲಿ ಬರುತ್ತದೆ. ಕಳೆದ ಕೊಯ್ಲಿನಲ್ಲಿ ನಮ್ಮ ಸುತ್ತಮುತ್ತ ಕಣದಿಂದ ಕಾಫಿ ಹೋಯಿತು, ಬಳ್ಳಿಯಿಂದಲೇ ಕರಿಮೆಣಸು ಹೋಯಿತು. ಎಫ್‌ಐಆರ್ ಆದದ್ದು ಬೆರಳೆಣಿಕೆಯಷ್ಟು. ಹಾಗಾಗಿ ಕಾಗದದಲ್ಲಿ ನಮ್ಮೂರು ಬಹಳ ಶಾಂತ.

ಇನ್ನೊಂದು ವಿಷಯ. ಕೊಡಗಿಗೆ ಬರುವ ಎಸ್‌ಪಿಗಳು ಹೆಚ್ಚಾಗಿ ಯುವ ಐಪಿಎಸ್‌ನವರು. ಚುರುಕಾಗಿರುತ್ತಾರೆ, ಒಂದೆರಡು ವರ್ಷದಲ್ಲಿ ಹೋಗುತ್ತಾರೆ. ರಾತ್ರಿ ಫೋನ್ ಎತ್ತುವವರು ಮಾತ್ರ ಅದೇ ಹೆಡ್ ಕಾನ್‌ಸ್ಟೆಬಲ್. ಎಸ್‌ಪಿಗೆ ಹೈದರಾಬಾದ್‌ನ ರಾಷ್ಟ್ರೀಯ ಅಕಾಡೆಮಿ ಇದೆ, ಸಬ್ ಇನ್ಸ್‌ಪೆಕ್ಟರಿಗೆ ಮೈಸೂರಿನ ಅಕಾಡೆಮಿ ಇದೆ. ಈ ಹೆಡ್ ಕಾನ್‌ಸ್ಟೆಬಲ್‌ಗೆ ಮುಂದಾಳುತನ ಕಲಿಸುವವರು ಯಾರು? ತಿಳಿದವರು ಹೇಳಿ.

ಹಳೇ ದಫೇದಾರ್

ಕಾನ್‌ಸ್ಟೆಬಲ್ ಆಗಿ ಸೇರಿ ಎಎಸ್‌ಐ ಆಗಿ ನಿವೃತ್ತನಾದವನು ನಾನು. ಠಾಣೆಯ ಹೆಸರು ಬೇಡ.

ಪ್ರತಿ ತಿಂಗಳು ಕ್ರೈಂ ಮೀಟಿಂಗ್ ಇರುತ್ತದೆ. ಒಂದೊಂದು ಠಾಣೆಯವರನ್ನೂ ಎಬ್ಬಿಸಿ ಕೇಳುತ್ತಾರೆ. ಎಷ್ಟು ಕೇಸ್ ದಾಖಲು, ಎಷ್ಟು ಪತ್ತೆ, ಎಷ್ಟು ತನಿಖೆಯಲ್ಲಿ ಬಾಕಿ, ಎಷ್ಟು ವಾರಂಟ್ ಜಾರಿ, ಎಷ್ಟು ಪೆಟಿ ಕೇಸ್, ಎಷ್ಟು ಐಎಂವಿ ಕೇಸ್ (ಮೋಟಾರು ವಾಹನ ಕಾಯ್ದೆಯವು), ದಂಡ ಎಷ್ಟು. ಕೊನೆಯ ಮೂರು ಮಾತ್ರ ಪೂರ್ತಿ ನಮ್ಮ ಕೈಯಲ್ಲಿರುವ ಅಂಕಿ. ಹೆಲ್ಮೆಟ್ ಇಲ್ಲದವರನ್ನು ನಿಲ್ಲಿಸಿದರೆ ಸಾಕು, ಸಂಜೆಯೊಳಗೆ ಲೆಕ್ಕ ತುಂಬುತ್ತದೆ. ಆದ್ದರಿಂದ ತಿಂಗಳ ಕೊನೆಯ ವಾರ ರಸ್ತೆ ಬದಿಯಲ್ಲಿ ನಮ್ಮವರು ಜಾಸ್ತಿ ಕಾಣಿಸುತ್ತಾರೆ. ಡಿಸೆಂಬರ್ ಬಂದರೆ ಹಳೆ ಕಡತಗಳೆಲ್ಲ ಮೇಲೆ ಬರುತ್ತವೆ. ಆರೋಪಿ ಸಿಗದ ಕೇಸಿಗೆ ಸಿ ರಿಪೋರ್ಟ್ ಹಾಕಿ ಬಾಕಿ ಇಳಿಸುತ್ತಾರೆ. ಬಾಕಿ ಇಳಿದರೆ ಶಹಬ್ಬಾಸ್.

ಕಾಫಿ ಕೊಯ್ಯುವವನು ಎಷ್ಟು ಕೆ.ಜಿ. ಹಣ್ಣು ತಂದ ಅಂತ ತೂಗದೆ, ಬುಟ್ಟಿ ಎಷ್ಟು ಸಲ ಎತ್ತಿದ ಅಂತ ಎಣಿಸಿದ ಹಾಗೆ ಇದು.

ಮುಂದಾಳುತನದ ಬಗ್ಗೆ ಕೇಳಿದಿರಿ. ನನಗೆ ಯಾರೂ ಕ್ಲಾಸಿನಲ್ಲಿ ಕಲಿಸಲಿಲ್ಲ. ಒಬ್ಬ ಪಿಎಸ್‌ಐ ಇದ್ದರು. ಅಕಾಡೆಮಿಯಿಂದ ಆಗಷ್ಟೇ ಬಂದವರು, ನನಗಿಂತ ತುಂಬ ಚಿಕ್ಕವರು. ಬೆಳಗಿನ ರೋಲ್ ಕಾಲ್‌ನಲ್ಲಿ ಡ್ಯೂಟಿ ಹಂಚಿ ಸುಮ್ಮನಾಗುತ್ತಿರಲಿಲ್ಲ. ಹಿಂದಿನ ದಿನ ನಡೆದ ಒಂದು ವಿಷಯ ತೆಗೆದು, 'ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?' ಅಂತ ಕಾನ್‌ಸ್ಟೆಬಲ್‌ಗಳನ್ನು ಕೇಳುತ್ತಿದ್ದರು. ಮೊದಮೊದಲು ಎಲ್ಲರೂ ನೆಲ ನೋಡುತ್ತಿದ್ದೆವು. ಆಮೇಲೆ ಬಾಯಿ ಬಂತು. ತೋಟದ ಕೂಲಿಯವರ ಲೈನ್ ಮನೆ ಜಗಳಕ್ಕೆ ಹೋದ ಪಿಸಿ (ಕಾನ್‌ಸ್ಟೆಬಲ್) ಪ್ರತಿ ಮಾತಿಗೂ 'ಸಾಹೇಬ್ರನ್ನು ಕೇಳುತ್ತೇನೆ' ಅನ್ನುವುದು ನಿಂತಿತು. ಅವರು ವರ್ಗವಾಗಿ ಹೋದರು. ಮುಂದೆ ಬಂದವರು ರೋಲ್ ಕಾಲ್‌ನಲ್ಲಿ ಬೂಟು ನೋಡುತ್ತಿದ್ದರು.

ಕೋರ್ಟ್ ರಸ್ತೆ

ವಿರಾಜಪೇಟೆಯಲ್ಲಿ ವಕೀಲಿ ಮಾಡುತ್ತೇನೆ. ಬಾಣೆಮನೆಯವರೇ, ಕೇಸು ಕಮ್ಮಿಯಾದರೆ ಒಳ್ಳೆಯದು ಅನ್ನುವುದನ್ನು ದೇಶದ ಅಪರಾಧದ ಅಂಕಿ ಸೇರಿಸುವ ಎನ್‌ಸಿಆರ್‌ಬಿಯೇ ಒಪ್ಪುವುದಿಲ್ಲ. ಅಪರಾಧ ಹೆಚ್ಚಾಗುವುದು ಬೇರೆ, ದಾಖಲಾಗುವುದು ಹೆಚ್ಚಾಗುವುದು ಬೇರೆ, ಎರಡನ್ನೂ ಒಂದು ಮಾಡಬೇಡಿ ಅಂತ ಅವರ ವಾರ್ಷಿಕ ವರದಿಯಲ್ಲೇ ಎಚ್ಚರಿಕೆ ಇರುತ್ತದೆ. ಓದುವವರು ಕಮ್ಮಿ ಅಷ್ಟೆ.

ಕಾನೂನು ಸ್ಪಷ್ಟವಾಗಿದೆ. 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಹೇಳಿದೆ: ಸಂಜ್ಞೇಯ ಅಪರಾಧದ, ಅಂದರೆ ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ಮಾಡಲೇಬೇಕು. ಠಾಣೆಯಲ್ಲಿ ಆಗುವುದು ಬೇರೆ. ದೂರನ್ನು ಅರ್ಜಿ ಅಂತ ತಗೊಳ್ಳುತ್ತಾರೆ, ಇಬ್ಬರನ್ನೂ ಕರೆದು ಮಾತಾಡಿಸುತ್ತಾರೆ, ಹಿಂಬರಹ ಕೊಟ್ಟು ಕಳಿಸುತ್ತಾರೆ. ಅಂಕಿ ಇಳಿಯುತ್ತದೆ.

ಈಗ ಹೊಸ ಸಂದು ಬೇರೆ ಸಿಕ್ಕಿದೆ. 2024ರ ಜುಲೈ 1ರಿಂದ ಜಾರಿಯಾದ ಕಾನೂನಿನಲ್ಲಿ, 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುವಿನ ಕಳ್ಳತನ ಮೊದಲ ಸಲದ್ದಾದರೆ ಅಸಂಜ್ಞೇಯ, ಅಂದರೆ ಕೋರ್ಟಿನ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವ ಹಾಗಿಲ್ಲ. ಬೆಲೆ ಬರೆಯುವವರು ಯಾರು? ಕದ್ದ ಮೆಣಸಿಗೆ ಎಷ್ಟು ಅಂತ ಠಾಣೆಯ ಮೇಜಿನ ಮೇಲೆ ನಿರ್ಧಾರವಾಗುತ್ತದೆ. ಕೇಸು ಕಮ್ಮಿ ತೋರಿಸಬೇಕು ಅಂತ ಮೇಲಿನಿಂದ ಒತ್ತಡ ಇದ್ದರೆ ಆ ಮೆಣಸಿನ ಬೆಲೆ 4,900 ಆಗುತ್ತದೆ. ಗೋಡೌನ್ ಬೀಗ ಒಡೆದು ಕದ್ದರೆ ಕಲಮೇ ಬೇರೆ, ಶಿಕ್ಷೆ ಏಳು ವರ್ಷದವರೆಗೆ. ಅದನ್ನೂ ದೂರಿನಲ್ಲಿ ಬಿಡಿಸಿ ಬರೆಸಬೇಕು.

ನೀವು ಕೇಳಬೇಕಾದದ್ದು ಹೀಗೆ: ಈ ವರ್ಷ ಎಷ್ಟು ಅರ್ಜಿ ಬಂತು, ಅದರಲ್ಲಿ ಎಷ್ಟು ಎಫ್‌ಐಆರ್ ಆಯಿತು? ಇನ್ನೊಂದು. ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ 90 ದಿನದೊಳಗೆ ತಿಳಿಸಬೇಕು ಅಂತ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 193 ಹೇಳುತ್ತದೆ. ಎಷ್ಟು ಜನರಿಗೆ ತಿಳಿಸಿದರು? ಹಾಳೆಯಲ್ಲಿ ಸಿಗುವ ಲೆಕ್ಕ ಇದು, ಯಾರ ಅಭಿಪ್ರಾಯವೂ ಬೇಡ.

ಸುಮ್ನೆ ಓದುವವ

ಶಿಕ್ಷೆ ಆದ ಪ್ರಮಾಣ ನೋಡಿದರೆ ಸಾಲದಾ ವಕೀಲರೇ? ಕೊನೆಗೆ ಅದೇ ಅಲ್ವಾ ಫಲಿತಾಂಶ?

ಕೋರ್ಟ್ ರಸ್ತೆ

ಸಾಲದು. ಇಂದು ತೀರ್ಪಾಗುವ ಕೇಸು ಎಷ್ಟೋ ವರ್ಷದ ಹಿಂದಿನದು. ತನಿಖೆ ಮಾಡಿದ ಪಿಎಸ್‌ಐ ಈಗ ಇನ್ನೆಲ್ಲೋ ಇನ್ಸ್‌ಪೆಕ್ಟರ್. ಸಾಕ್ಷಿ ತಿರುಗಿ ಬಿದ್ದಿರುತ್ತಾರೆ, ಸರ್ಕಾರಿ ಅಭಿಯೋಜಕರು ಬದಲಾಗಿರುತ್ತಾರೆ. ಇವತ್ತಿನ ಅಧಿಕಾರಿಯನ್ನು ಅಳೆಯಲು ಅದು ಬರುವುದಿಲ್ಲ. ತನಿಖೆಯ ಗುಣಮಟ್ಟಕ್ಕೆ ಬೇರೆ ಗುರುತುಗಳಿವೆ. 60 ಅಥವಾ 90 ದಿನದೊಳಗೆ ಆರೋಪಪಟ್ಟಿ ಹಾಕದೆ ಆರೋಪಿಗೆ ತಾನಾಗಿ ಜಾಮೀನು ಸಿಕ್ಕ ಕೇಸುಗಳೆಷ್ಟು? ಏಳು ವರ್ಷ ಅಥವಾ ಮೇಲ್ಪಟ್ಟ ಶಿಕ್ಷೆಯ ಕೇಸಿನಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದರಾ? ಇವನ್ನು ಈಗಲೇ ನೋಡಬಹುದು.

ಲೆಕ್ಕದ ಮೇಷ್ಟ್ರು

ಎರಡು ವಿಷಯ, ಎರಡೂ ಅಂಕಿಯದ್ದೇ.

ಮೊದಲನೆಯದು ಕೊಡಗಿನ ಗಾತ್ರ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಜನ 5,54,519. ರಾಜ್ಯದಲ್ಲೇ ಅತಿ ಕಮ್ಮಿ. ಇಷ್ಟು ಚಿಕ್ಕ ಜಿಲ್ಲೆಯಲ್ಲಿ, ಅದರಲ್ಲೂ ಒಂದು ಠಾಣೆಯ ವ್ಯಾಪ್ತಿಯಲ್ಲಿ, ವರ್ಷಕ್ಕೆ ನಾಲ್ಕು ಇದ್ದದ್ದು ಐದಾದರೆ ಶೇ. 25 ಏರಿಕೆ ಅಂತ ದೊಡ್ಡ ಅಕ್ಷರದಲ್ಲಿ ಬರುತ್ತದೆ. ನಾಲ್ಕಕ್ಕೂ ಐದಕ್ಕೂ ಏನೂ ಅರ್ಥವಿಲ್ಲ, ಅದು ಸುಮ್ಮನೆ ಏರಿಳಿತ. ಮೂರು ನಾಲ್ಕು ವರ್ಷ ಒಟ್ಟಿಗೆ ಸೇರಿಸಿ ನೋಡಬೇಕು.

ಮತ್ತೆ, 'ಲಕ್ಷ ಜನಕ್ಕೆ ಇಷ್ಟು ಅಪರಾಧ' ಅಂತ ಲೆಕ್ಕ ಹಾಕುವಾಗ ಕೆಳಗೆ ಹಾಕುವ ಜನಸಂಖ್ಯೆ ಯಾವುದು? ವಾರಾಂತ್ಯಕ್ಕೆ ಅಬ್ಬಿ, ಮಾಂದಲಪಟ್ಟಿ, ದುಬಾರೆಗೆ ಬರುವವರು ಅದರಲ್ಲಿಲ್ಲ. ಕೊಯ್ಲಿಗೆ ಅಸ್ಸಾಂನಿಂದ, ಬಂಗಾಳದಿಂದ ಬಂದು ಲೈನ್ ಮನೆಗಳಲ್ಲಿ ಇರುವವರೂ ಅದರಲ್ಲಿಲ್ಲ. ಅಪಘಾತ, ಕಳವು, ಗಲಾಟೆ ಇವರಿಂದಲೂ ಆಗುತ್ತದೆ, ಇವರಿಗೂ ಆಗುತ್ತದೆ. ಮೇಲೆ ಎಲ್ಲರ ಕೇಸು, ಕೆಳಗೆ ನಮ್ಮ ಜನ ಮಾತ್ರ. ಬಯಲುಸೀಮೆಯ ಜಿಲ್ಲೆಯ ಜೊತೆ ಹೋಲಿಸಿ ಕೊಡಗು ಹಾಗೆ ಹೀಗೆ ಅನ್ನುವುದರಲ್ಲಿ ಹುರುಳಿಲ್ಲ.

ಎರಡನೆಯದು, ಈ ಕ್ರೈಂ ಮೀಟಿಂಗ್ ನಮ್ಮದೊಂದೇ ರೋಗವಲ್ಲ. ನ್ಯೂಯಾರ್ಕ್ ಪೊಲೀಸರು 1994ರಲ್ಲಿ ಕಾಂಪ್‌ಸ್ಟ್ಯಾಟ್ ಅಂತ ಶುರು ಮಾಡಿದರು. ಆಗ ವಿಲಿಯಂ ಬ್ರ್ಯಾಟನ್ ಕಮಿಷನರ್. ಪ್ರತಿ ವಾರ ನಕ್ಷೆ ಹಾಕಿ, ಯಾವ ಮೂಲೆಯಲ್ಲಿ ಏನಾಗುತ್ತಿದೆ ಅಂತ ಠಾಣಾಧಿಕಾರಿಯನ್ನು ನಿಲ್ಲಿಸಿ ಕೇಳುವುದು. ಆಲೋಚನೆ ಒಳ್ಳೆಯದೇ. ಅಧಿಕಾರಿ ತನ್ನ ವ್ಯಾಪ್ತಿಯನ್ನು ತಿಳಿದಿರಬೇಕಾಯಿತು. ಆದರೆ ಅಂಕಿ ಇಳಿಸಲೇಬೇಕು ಅಂತ ಆದಾಗ ದೊಡ್ಡ ಅಪರಾಧವನ್ನು ಸಣ್ಣದಾಗಿ ಬರೆಯುವುದು ಶುರುವಾಯಿತು ಅಂತ ಅಲ್ಲಿಯ ನಿವೃತ್ತ ಅಧಿಕಾರಿಗಳೇ ಹೇಳಿದ್ದಾರೆ. ಬ್ರಿಟನ್‌ನಲ್ಲಿ ಇನ್ನೂ ಕೆಟ್ಟದಾಯಿತು. 2014ರ ಜನವರಿಯಲ್ಲಿ ಪೊಲೀಸರು ದಾಖಲಿಸುವ ಅಪರಾಧದ ಅಂಕಿಗಳಿಗೆ ಇದ್ದ 'ರಾಷ್ಟ್ರೀಯ ಅಂಕಿಅಂಶ' ಮಾನ್ಯತೆಯನ್ನೇ ಕಿತ್ತುಕೊಂಡರು. ಅದೇ ವರ್ಷ ನವೆಂಬರಿನಲ್ಲಿ ಅಲ್ಲಿಯ ಪೊಲೀಸ್ ತಪಾಸಣಾ ಸಂಸ್ಥೆ ಹೇಳಿದ್ದು: ಪೊಲೀಸರಿಗೆ ತಿಳಿಸಿದ ಅಪರಾಧಗಳಲ್ಲಿ ಸುಮಾರು ಶೇ. 19 ದಾಖಲೇ ಆಗುತ್ತಿಲ್ಲ.

ಅಂಕಿ ಬೇಡ ಅಂತ ನಾನು ಹೇಳುತ್ತಿಲ್ಲ. ಬಡ್ತಿಗೆ ಕಟ್ಟಿದ ಅಂಕಿ ಕೆಡುತ್ತದೆ, ಅಷ್ಟೇ. ಯಾವ ಅಂಕಿಯನ್ನು ಕೆಡಿಸುವುದು ಕಷ್ಟವೋ ಅದನ್ನು ಆರಿಸಬೇಕು.

ಗಾಳಿಬೀಡು ಹೋಂಸ್ಟೇ

ಮೇಷ್ಟ್ರೇ, 112ರ ಗಾಡಿ ಎಷ್ಟು ನಿಮಿಷಕ್ಕೆ ಬಂತು ಅನ್ನುವುದನ್ನು ಕೆಡಿಸುವುದು ಕಷ್ಟ, ಅಲ್ವಾ? ಕರೆ ಬಂದ ಸಮಯ, ಗಾಡಿ ತಲುಪಿದ ಸಮಯ ಎರಡೂ ಕಂಪ್ಯೂಟರಿನಲ್ಲೇ ಇರುತ್ತದೆ.

ಆದರೆ ಜಿಲ್ಲೆಯ ಸರಾಸರಿ ನಮಗೆ ಬೇಡ. ಮಡಿಕೇರಿ ಪೇಟೆ, ಕುಶಾಲನಗರದಲ್ಲಿ ಹತ್ತು ನಿಮಿಷಕ್ಕೆ ಬರುತ್ತಾರೆ, ಕರೆಯೂ ಅಲ್ಲಿಂದಲೇ ಜಾಸ್ತಿ. ನಮ್ಮ ಕಡೆ ಮಳೆಗಾಲದಲ್ಲಿ ಮರ ಬಿದ್ದರೆ ರಸ್ತೆ ಇಲ್ಲ, ಕರೆಂಟ್ ಹೋದರೆ ಟವರ್ ಇಲ್ಲ, ಕರೆಯೇ ಹೋಗುವುದಿಲ್ಲ. ಹೋಗದ ಕರೆ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಹೋಬಳಿವಾರು ಕೊಡಲಿ.

ಇನ್ನೊಂದು ಮಾತು. ಕುಡಿದ ಅತಿಥಿಗಳ ಗಲಾಟೆಗೆ ಒಮ್ಮೆ ಪೊಲೀಸರನ್ನು ಕರೆದಿದ್ದೆ. ಬಂದವರು ಒಬ್ಬರೇ ಕಾನ್‌ಸ್ಟೆಬಲ್, ಹುಡುಗ. ಯಾರ ಮೇಲೂ ಕೈ ಮಾಡಲಿಲ್ಲ. ಗಾಡಿ ಕೀ ತೆಗೆದಿಟ್ಟುಕೊಂಡು, ಬೆಳಗ್ಗೆ ಠಾಣೆಗೆ ಬಂದು ತಗೊಳ್ಳಿ ಅಂದರು. ಮುಗಿಯಿತು. ಕೇಸಿಲ್ಲ, ದಂಡವಿಲ್ಲ. ಆ ಹುಡುಗನ ಕೆಲಸ ಕ್ರೈಂ ಮೀಟಿಂಗಿನಲ್ಲಿ ಯಾವ ಕಾಲಮಿನಲ್ಲಿ ಬರುತ್ತದೆ ದಫೇದಾರ್ ಸರ್?

ಹಳೇ ದಫೇದಾರ್

ಯಾವುದರಲ್ಲೂ ಬರುವುದಿಲ್ಲ ಅಕ್ಕ. ಅವನು ಬುದ್ಧಿವಂತನಾಗಿದ್ದರೆ ಠಾಣೆಯ ಡೈರಿಯಲ್ಲಿ ಒಂದು ಸಾಲು ಬರೆದಿರುತ್ತಾನೆ. ಸಾಹೇಬ್ರು ಅದನ್ನು ಓದುವವರಾಗಿದ್ದರೆ ಗೊತ್ತಾಗುತ್ತದೆ.

ಮಾಜಿ ಹವಾಲ್ದಾರ್

ಕಾರ್ಯಪ್ಪನವರ, ತಿಮ್ಮಯ್ಯನವರ ಜಿಲ್ಲೆ ಇದು. ಮುಂದಾಳು ತಯಾರು ಮಾಡುವುದು ಹೇಗೆ ಅಂತ ಕೇಳುವುದಾದರೆ ಸೇನೆಯನ್ನು ನೋಡಿ. ನಮ್ಮಲ್ಲಿ ಹತ್ತು ಜನರ ಸೆಕ್ಷನ್‌ಗೆ ಹವಾಲ್ದಾರ್ ಕಮಾಂಡರ್. ಬಡ್ತಿಗೆ ಮೊದಲು ಕೇಡರ್ ಕೋರ್ಸ್, ಪರೀಕ್ಷೆ. ನಕ್ಷೆ ಓದುವುದು, ಆದೇಶ ಕೊಡುವುದು, ಎಲ್ಲವನ್ನೂ ಮಾಡಿ ತೋರಿಸಬೇಕು. ಕಾರ್ಯಾಚರಣೆ ಮುಗಿದ ಮೇಲೆ ಎಲ್ಲಿ ತಪ್ಪಿತು ಅಂತ ಕೂತು ಮಾತಾಡುತ್ತೇವೆ. ಪೊಲೀಸರಲ್ಲಿ ಸರ್ವಿಸ್ ಆದಷ್ಟು ಪಟ್ಟಿ ಏರುತ್ತದೆ. ಶಿಸ್ತು ಬಂದರೆ ಉಳಿದದ್ದೆಲ್ಲ ಬರುತ್ತದೆ.

ಹಳೇ ದಫೇದಾರ್

ಹವಾಲ್ದಾರ್ ಸರ್, ಕೋರ್ಸ್ ಬೇಕು ಅನ್ನುವುದನ್ನು ಒಪ್ಪುತ್ತೇನೆ. ಉಳಿದದ್ದನ್ನು ಒಪ್ಪುವುದಿಲ್ಲ. ನಿಮ್ಮ ಸೆಕ್ಷನ್ ಕಣ್ಣ ಮುಂದೆ ಇರುತ್ತದೆ. ನಮ್ಮ ಬೀಟ್ ಪಿಸಿ ಒಬ್ಬನೇ ಬೈಕಿನಲ್ಲಿ ಹೋಗುತ್ತಾನೆ. ಅಲ್ಲಿ ಗಂಡ ಹೆಂಡತಿ ಜಗಳ, ಬೇಲಿ ಜಗಳ, ಯಾರೋ ವಿಷ ಕುಡಿದ ಸುದ್ದಿ. ಯಾರನ್ನು ಹಿಡಿಯಬೇಕು, ಯಾರನ್ನು ಬಿಡಬೇಕು ಅಂತ ಆ ಕ್ಷಣಕ್ಕೆ ತೀರ್ಮಾನಿಸುವವನು ಇಲಾಖೆಯ ಅತಿ ಕೆಳಗಿನ ಮನುಷ್ಯ. ಅವನಿಗೆ ಬೇಕಾದದ್ದು ವಿವೇಚನೆ. ಬರೀ ಶಿಸ್ತು ಕಲಿಸಿದರೆ ಆದೇಶಕ್ಕೆ ಕಾಯುತ್ತಾನೆ.

2018ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆ ಗುಡ್ಡ ಜಾರಿ ರಸ್ತೆಯೇ ಇರಲಿಲ್ಲ. ಸೇನೆಯವರು, ಎನ್‌ಡಿಆರ್‌ಎಫ್‌ನವರು ಬಂದರು, ಅವರ ಉಪಕಾರ ಮರೆಯುವ ಹಾಗಿಲ್ಲ. ಆದರೆ ಯಾವ ಮನೆಯಲ್ಲಿ ನಡೆಯಲಾಗದ ಅಜ್ಜಿ ಇದ್ದಾರೆ, ಯಾವ ತೋಟದ ಒಳಗಿಂದ ದಾರಿ ಇದೆ ಅಂತ ಹೇಳಬಲ್ಲವರು ಊರಿನವರು ಮತ್ತು ಆ ಬೀಟಿನ ಪೇದೆ. ಅದು ಯಾವ ಕೋರ್ಸಿನಲ್ಲೂ ಬರುವುದಿಲ್ಲ. ಒಂದೇ ಬೀಟಿನಲ್ಲಿ ಸ್ವಲ್ಪ ಕಾಲ ಬಿಟ್ಟರೆ ಬರುತ್ತದೆ.

ಮಾಜಿ ಹವಾಲ್ದಾರ್

ಅದು ಸರಿ. ಆದರೂ ಕೂತು ಮಾತಾಡುವ ಪದ್ಧತಿ ಇಲ್ಲದಿದ್ದರೆ ಆ ಪೇದೆಗೆ ಗೊತ್ತಿದ್ದದ್ದು ಅವನ ಜೊತೆಯೇ ನಿವೃತ್ತಿಯಾಗುತ್ತದೆ.

ಕ್ವಾರ್ಟರ್ಸ್‌ನಿಂದ

ನಮ್ಮ ಮನೆಯವರು ಕಾನ್‌ಸ್ಟೆಬಲ್. ಇಷ್ಟು ಜನ ಇಷ್ಟು ಬರೆದಿರಿ, ಒಬ್ಬರೂ ರಜೆಯ ಸುದ್ದಿ ಎತ್ತಲಿಲ್ಲ.

ಅಕ್ಟೋಬರಿನಲ್ಲಿ ಮಡಿಕೇರಿ ದಸರಾ, ಗೋಣಿಕೊಪ್ಪ ದಸರಾ, ಅದರ ಬೆನ್ನಿಗೇ ತಲಕಾವೇರಿಯಲ್ಲಿ ತೀರ್ಥೋದ್ಭವ. ಎಲ್ಲ ಬಂದೋಬಸ್ತ್. ಮಧ್ಯೆ ಯಾರಾದರೂ ಮಂತ್ರಿ ಬಂದರೆ ಅದಕ್ಕೂ ಇವರೇ. ಕೇರಳ ಗಡಿ ಅಂತ ಕುಟ್ಟ, ಮಾಕುಟ್ಟ ಚೆಕ್‌ಪೋಸ್ಟ್. ಮಗಳ ಶಾಲೆಯ ಕಾರ್ಯಕ್ರಮಕ್ಕೆ ಅಪ್ಪ ಬರುವುದಿಲ್ಲ ಅಂತ ಅವಳಿಗೇ ಗೊತ್ತು, ಈಗ ಕೇಳುವುದೂ ಇಲ್ಲ.

ಇವರು ಇದುವರೆಗೆ ಹೊಗಳಿದ್ದು ಒಬ್ಬರೇ ಇನ್ಸ್‌ಪೆಕ್ಟರನ್ನು. ಆ ಸಾಹೇಬ್ರು ವಾರದ ರಜೆಯ ಪಟ್ಟಿ ಗೋಡೆಗೆ ಅಂಟಿಸುತ್ತಿದ್ದರು. ಬಂದೋಬಸ್ತ್ ಬಂದು ರಜೆ ತಪ್ಪಿದರೆ ಬದಲಿ ದಿನ ಅವರೇ ಬರೆದಿಡುತ್ತಿದ್ದರು. ತಾವೂ ರಾತ್ರಿ ಗಸ್ತಿಗೆ ಹೋಗುತ್ತಿದ್ದರು. ಆ ಠಾಣೆಯಲ್ಲಿದ್ದಾಗ ಇವರು ಮನೆಗೆ ಬಂದು ಕಿರುಚಾಡುತ್ತಿರಲಿಲ್ಲ. ಠಾಣೆಗೆ ಬಂದ ಜನರ ಮೇಲೂ ಕಿರುಚಾಡಿರಲಿಕ್ಕಿಲ್ಲ ಅಂತ ನನ್ನ ಲೆಕ್ಕ. ಅಧಿಕಾರಿಗೆ ಅಂಕ ಕೊಡುವವರು ಅವರ ಕೈಕೆಳಗಿನವರಿಗೆ ಎಷ್ಟು ವಾರದ ರಜೆ ಸಿಕ್ಕಿತು ಅಂತ ನೋಡಲಿ. ಡ್ಯೂಟಿ ಪುಸ್ತಕದಲ್ಲೇ ಇದೆ.

ಲೆಕ್ಕದ ಮೇಷ್ಟ್ರು

ಈ ಇಡೀ ಚರ್ಚೆಯಲ್ಲಿ ಇಷ್ಟು ಒಳ್ಳೆಯ ಅಳತೆ ಬೇರೆ ಬಂದಿಲ್ಲ. ಕೆಡಿಸುವುದೂ ಕಷ್ಟ. ರಜೆ ಸಿಗದವನು ಸುಳ್ಳು ಪಟ್ಟಿಗೆ ಸಹಿ ಹಾಕುವುದಿಲ್ಲ.

ಹಳೇ ದಫೇದಾರ್

ಹಾಕುತ್ತಾನೆ ಮೇಷ್ಟ್ರೇ. ನೀವು ಠಾಣೆಯಲ್ಲಿ ಕೆಲಸ ಮಾಡಿಲ್ಲ.

ಸುಮ್ನೆ ಓದುವವ

ಇದೆಲ್ಲ ಚೆಂದ. ಯಾರದ್ದೋ ಶಿಫಾರಸು ಪತ್ರದಲ್ಲಿ ಬಂದ ಇನ್ಸ್‌ಪೆಕ್ಟರ್ ಇನ್ಯಾರದ್ದೋ ಪತ್ರದಲ್ಲಿ ಹೋಗುತ್ತಾರೆ. ಆರು ತಿಂಗಳಿಗೆ ಯಾರನ್ನು ಅಳೆಯುತ್ತೀರಿ, ಏನು ಕಲಿಸುತ್ತೀರಿ?

ಕೋರ್ಟ್ ರಸ್ತೆ

ಈ ಮಾತನ್ನು ಸುಪ್ರೀಂ ಕೋರ್ಟೇ ಹೇಳಿದೆ. 2006ರ ಪ್ರಕಾಶ್ ಸಿಂಗ್ ತೀರ್ಪಿನ ಏಳು ನಿರ್ದೇಶನಗಳಲ್ಲಿ ಒಂದು ಇದೇ. ಜಿಲ್ಲೆಯ ಎಸ್‌ಪಿಗೂ ಠಾಣಾಧಿಕಾರಿಗೂ ಕನಿಷ್ಠ ಎರಡು ವರ್ಷದ ಅವಧಿ ಕೊಡಿ ಅಂತ. ವರ್ಗಾವಣೆ ನೋಡಿಕೊಳ್ಳಲು ಪೊಲೀಸ್ ಅಧಿಕಾರಿಗಳದ್ದೇ ಮಂಡಳಿ, ಜನರ ದೂರು ಕೇಳಲು ಜಿಲ್ಲಾ ಮಟ್ಟದ ದೂರು ಪ್ರಾಧಿಕಾರ, ಇವೂ ಅದರಲ್ಲೇ ಇವೆ. ಪ್ರಾಧಿಕಾರ ಅಂತ ಒಂದಿದೆ ಅನ್ನುವುದು ನಮ್ಮ ತಾಲ್ಲೂಕಿನಲ್ಲಿ ಎಷ್ಟು ಜನರಿಗೆ ಗೊತ್ತು? ಅದನ್ನೂ ಸಭೆಯಲ್ಲಿ ಕೇಳಿ.

2008ರ ದೇವ್ ದತ್ತ್ ತೀರ್ಪು ಇನ್ನೊಂದು. ನೌಕರನ ವಾರ್ಷಿಕ ವರದಿಯಲ್ಲಿ ಮೇಲಧಿಕಾರಿ ಏನು ಬರೆದರೂ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ಅವನಿಗೆ ತಿಳಿಸಬೇಕು ಅಂತ. ತನಗೆ ಎಷ್ಟು ಅಂಕ, ಯಾಕೆ ಅಂತ ತಿಳಿಯದ ಹೆಡ್ ಕಾನ್‌ಸ್ಟೆಬಲ್ ಏನು ತಿದ್ದಿಕೊಳ್ಳುತ್ತಾನೆ? ಆದರೆ ಕಾಗದ ಕೈಗೆ ಕೊಟ್ಟರೆ ಸಾಲದು. ಕೂರಿಸಿ ಹೇಳಬೇಕು. ಅದನ್ನು ಮಾಡುವವರು ಕಮ್ಮಿ.

ಬಾಣೆಮನೆ

ಕೋವಿಯ ವಿಷಯ ಯಾರೂ ಎತ್ತಲಿಲ್ಲ, ಆಶ್ಚರ್ಯ! ನಮ್ಮ ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ವಿನಾಯಿತಿ 2029ರವರೆಗೆ ಇದೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುವ ಮಾತು ಬರುತ್ತದೆ, ಪ್ರತಿ ಸಲವೂ ಬಿಸಿಯಾಗುತ್ತದೆ. ಒಬ್ಬ ಅಧಿಕಾರಿ ನೋಟಿಸ್ ಅಂಟಿಸಿ ಕೈತೊಳೆದುಕೊಂಡರು. ಇನ್ನೊಬ್ಬರು ಊರಿನ ಹಿರಿಯರನ್ನು ಕರೆಸಿ, ಯಾಕೆ, ಎಷ್ಟು ದಿನ, ವಾಪಸ್ ಯಾವಾಗ ಅಂತ ಎದುರು ಕೂತು ಹೇಳಿದರು. ಆನೆ ತೋಟಕ್ಕೆ ಬರುವವರ ಕಷ್ಟವನ್ನೂ ಕೇಳಿದರು. ಕಾನೂನು ಎರಡು ಸಲವೂ ಅದೇ. ಎರಡನೆಯವರ ಕಾಲದಲ್ಲಿ ಒಬ್ಬರೂ ಜೋರು ಮಾಡಲಿಲ್ಲ.

ಸಂತೆದಿನ

ನಾನು ತೋಟದ ಕೆಲಸಗಾರರ ನಡುವೆ ಓಡಾಡುವವಳು. ಇಲ್ಲಿ ಬರೆದ ಎಲ್ಲರೂ ಠಾಣೆಗೆ ಹೋಗುವ ಧೈರ್ಯ ಇರುವವರು. ಅದಕ್ಕೇ ಅರ್ಜಿ, ಹಿಂಬರಹ, 112 ಅಂತ ಮಾತಾಡುತ್ತಿದ್ದೀರಿ.

ಕೇಂದ್ರ ಗೃಹ ಸಚಿವಾಲಯ ವರ್ಷಕ್ಕೆ ದೇಶದ ಹತ್ತು ಉತ್ತಮ ಠಾಣೆ ಆರಿಸುತ್ತದೆ. ದುರ್ಬಲ ವರ್ಗದವರ ಮೇಲಿನ ಅಪರಾಧವನ್ನು ಹೇಗೆ ನಿಭಾಯಿಸಿದರು ಅನ್ನುವುದು ಅದರಲ್ಲಿ ಒಂದು ಅಳತೆ. ಜನರ ಅಭಿಪ್ರಾಯಕ್ಕೂ ಅಂಕ ಇದೆ. ಆದರೆ ಹಾಡಿಯ (ಬುಡಕಟ್ಟಿನವರ ವಸತಿಯ) ಎರವರು, ಜೇನುಕುರುಬರು ಠಾಣೆಯ ಮೆಟ್ಟಿಲು ಹತ್ತುವುದೇ ಅಪರೂಪ. ಕೂಲಿ ಕೊಟ್ಟಿಲ್ಲ, ಮುಂಗಡದ ಸಾಲ ತೀರಿಲ್ಲ ಅಂತ ಬಿಡುತ್ತಿಲ್ಲ, ಮೇಸ್ತ್ರಿ ಹೊಡೆದ. ಇದೆಲ್ಲ ತೋಟದ ಗೇಟಿನ ಒಳಗೇ ಮುಗಿಯುತ್ತದೆ. ದೌರ್ಜನ್ಯ ತಡೆ ಕಾಯ್ದೆಯ ಕೇಸಾದರೆ ಡಿವೈಎಸ್‌ಪಿಗೆ ಕಡಿಮೆ ಇಲ್ಲದ ಅಧಿಕಾರಿ ತನಿಖೆ ಮಾಡಬೇಕು, 60 ದಿನದಲ್ಲಿ ಆರೋಪಪಟ್ಟಿ ಹಾಕಬೇಕು ಅಂತ ನಿಯಮ ಇದೆ. ಕೇಸೇ ಆಗದಿದ್ದರೆ ಆ ಅಳತೆಯಲ್ಲಿ ಠಾಣೆಗೆ ಪೂರ್ತಿ ಅಂಕ. ಅಸ್ಸಾಂನವರ ಕಥೆ ಇನ್ನೂ ಬೇರೆ. ಅವರ ಹತ್ತಿರ ಪೊಲೀಸರು ಹೋಗುವುದು ಆಧಾರ್ ಪಟ್ಟಿ ತಗೊಳ್ಳಲು. ನಿಮಗೇನಾದರೂ ತೊಂದರೆ ಇದೆಯಾ ಅಂತ ಕೇಳಲು ಅಲ್ಲ.

ಬಾಣೆಮನೆಯವರೇ, ನಿಮ್ಮ ಪತ್ರದಲ್ಲಿ ಒಂದು ಸಾಲು ಸೇರಿಸಿ: ಹಾಡಿಗಳಿಂದ ಮತ್ತು ಲೈನ್ ಮನೆಗಳಿಂದ ಈ ವರ್ಷ ಎಷ್ಟು ದೂರು ಬಂತು? ಸೊನ್ನೆ ಅಂದರೆ ಆ ಬೀಟಿನವರನ್ನು ಹೊಗಳುವ ಮೊದಲು ಯಾಕೆ ಸೊನ್ನೆ ಅಂತ ಕೇಳಲಿ.

ಬಾಣೆಮನೆ

ಸೇರಿಸುತ್ತೇನೆ. ನಮ್ಮ ಗುಂಪಿನಲ್ಲಿ ಕೆಲವರಿಗೆ ಇಷ್ಟವಾಗುವುದಿಲ್ಲ, ಆದರೂ ಸೇರಿಸುತ್ತೇನೆ. ಸದ್ಯ ಪತ್ರದಲ್ಲಿ ಇಷ್ಟಿದೆ: ಅರ್ಜಿ ಎಷ್ಟು, ಎಫ್‌ಐಆರ್ ಎಷ್ಟು. 90 ದಿನದ ಮಾಹಿತಿ ಎಷ್ಟು ಜನಕ್ಕೆ. 112ರ ಸಮಯ ಹೋಬಳಿವಾರು. ಬೀಟ್ ಪೇದೆಯನ್ನು ಎರಡು ವರ್ಷವಾದರೂ ಬದಲಿಸಬೇಡಿ. ವಾರದ ರಜೆ. ಹಾಡಿ ಮತ್ತು ಲೈನ್ ಮನೆ. ರೋಲ್ ಕಾಲ್‌ನಲ್ಲಿ ಚರ್ಚೆ ಮಾಡಿ ಅಂತ ಹೊರಗಿನವರು ಹೇಳಬಹುದಾ, ದಫೇದಾರ್ ಸರ್?

ಹಳೇ ದಫೇದಾರ್

ಹೇಳಬೇಡಿ. ಇಲಾಖೆಗೆ ಪಾಠ ಮಾಡಿದ ಹಾಗೆ ಕಾಣುತ್ತದೆ, ಉಳಿದದ್ದನ್ನೂ ಓದುವುದಿಲ್ಲ. ಅದರ ಬದಲು, ಒಳ್ಳೆ ಕೆಲಸ ಮಾಡಿದ ಒಬ್ಬಿಬ್ಬರು ಪೇದೆಗಳ ಹೆಸರನ್ನು ಏನು ಮಾಡಿದರು ಅಂತ ವಿವರ ಸಮೇತ ಬರೆದು ಎಸ್‌ಪಿಗೆ ಪ್ರತಿ ಕಳಿಸಿ. ಗಾಳಿಬೀಡಿನ ಅಕ್ಕ ಆ ಹುಡುಗನ ಬಗ್ಗೆ ಬರೆಯಲಿ. ಅದು ಅವನ ಸೇವಾ ಪುಸ್ತಕದವರೆಗೆ ಹೋದರೂ ಹೋಗಬಹುದು. ಮತ್ತೆ, ಪತ್ರ ಕೊಟ್ಟು ಸ್ವೀಕೃತಿ ತಗೊಳ್ಳಿ, ಠಾಣೆಯ ಬರವಣಿಗೆ ನೋಡುವ ರೈಟರ್ ಕೈಗೆ ಸುಮ್ಮನೆ ಕೊಟ್ಟು ಬರಬೇಡಿ.

ಗಾಳಿಬೀಡು ಹೋಂಸ್ಟೇ

ಬರೆಯುತ್ತೇನೆ ಸರ್.

ಸಂತೆದಿನ

ಸಭೆ ಯಾವ ದಿನ ಇಟ್ಟಿದ್ದಾರೆ? ವಾರದ ಮಧ್ಯೆ ಬೆಳಗ್ಗೆ ಹನ್ನೊಂದಕ್ಕೆ ಇಟ್ಟರೆ ಒಂದು ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ?

ಬಾಣೆಮನೆ

ಗುರುವಾರ ಹನ್ನೊಂದು ಗಂಟೆ ಅಂತ ಇದೆ. ಭಾನುವಾರಕ್ಕೆ ಬದಲಿಸಿ ಅಂತ ನಾಳೆ ಇನ್ಸ್‌ಪೆಕ್ಟರನ್ನು ಕೇಳುತ್ತೇನೆ. ನಿಮ್ಮ ಕಡೆಯಿಂದಲೂ ಒಬ್ಬರು ಜೊತೆಗೆ ಬನ್ನಿ.